ಹೊಟ್ಟೆಕಿಚ್ಚಿನ ಮೂರು ದಿನ

ಬಹಳ ಬಹಳ ಹಿಂದೆ ಪಡುವಣ ಕಡಲಿನ ನಡುವೆ ಏರಿನ್ ಎಂಬ ದ್ವೀಪವಿತ್ತು. ಅಲ್ಲಿ ಹಸುಗಳಿಗೂ ಬರವಿರಲಿಲ್ಲ, ರಾಜರಿಗೂ ಬರವಿರಲಿಲ್ಲ. ಒಂದು ಗುಡ್ಡ ಹತ್ತಿ ಇಳಿದರೆ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗುತ್ತಿತ್ತು. ಅಂಥದೊಂದು ಪುಟ್ಟ ರಾಜ್ಯವನ್ನು ಕಥಾಲನೆಂಬ ದೊರೆ ಆಳುತ್ತಿದ್ದ. ಅವನ ರಾಣಿಯ ಹೆಸರು ಲಸಾರ.

ಆ ನಾಡಿನಲ್ಲಿ ಕಾನೂನಿನ ಪುಸ್ತಕವಿರಲಿಲ್ಲ. ಕಾನೂನೆಲ್ಲ ಪದ್ಯವಾಗಿತ್ತು, ಪದ್ಯವೆಲ್ಲ ಬಾಯಿಪಾಠವಾಗಿತ್ತು. ಅದನ್ನು ಕಲಿತು ನ್ಯಾಯ ಹೇಳುವವರನ್ನು ಬ್ರೆಹನ್ ಎಂದು ಕರೆಯುತ್ತಿದ್ದರು. ಪಕ್ಕದ ಮನೆಯ ಜೇನು ನಮ್ಮ ತೋಟದ ಹೂವು ಹೀರಿದರೆ ತುಪ್ಪದಲ್ಲಿ ನಮ್ಮ ಪಾಲೆಷ್ಟು, ಅಡುಗೆಮನೆಯಲ್ಲಿ ಮುಚ್ಚದೆ ಇಟ್ಟ ಹಾಲನ್ನು ಬೆಕ್ಕು ಕುಡಿದರೆ ತಪ್ಪು ಬೆಕ್ಕಿನದೋ ಮನೆಯವಳದೋ, ಎಲ್ಲಕ್ಕೂ ಒಂದೊಂದು ಪದ್ಯ. ಬ್ರೆಹನ್ ಆದವರು ಸುಳ್ಳು ತೀರ್ಪು ಕೊಟ್ಟರೆ ಅದೇ ಗಳಿಗೆಯಲ್ಲಿ ಅವರ ಕೆನ್ನೆಯ ಮೇಲೆ ಮೂರು ಬೊಬ್ಬೆ ಏಳುತ್ತಿದ್ದವು. ಹಾಗಾಗಿ ತೀರ್ಪಿನ ಹೊತ್ತಿಗೆ ಜನ ಮಾತು ಕೇಳುವುದಕ್ಕಿಂತ ಕೆನ್ನೆ ನೋಡುವುದೇ ಹೆಚ್ಚು. ಕಥಾಲನ ರಾಜ್ಯದ ಬ್ರೆಹನ್ ರೊನಾತಜ್ಜಿ. ವಯಸ್ಸು ಎಂಬತ್ತು ದಾಟಿತ್ತು, ಕೆನ್ನೆಯ ಮೇಲೆ ಒಂದು ಕಲೆಯೂ ಇರಲಿಲ್ಲ.

ಲಸಾರ ರಾಣಿಯನ್ನು ಊರಿಗೆ ಊರೇ ಹೊಗಳುತ್ತಿತ್ತು. "ನಮ್ಮ ರಾಣಿಗೆ ಹೊಟ್ಟೆಕಿಚ್ಚು ಅಂದ್ರೆ ಏನೂಂತಾನೇ ಗೊತ್ತಿಲ್ಲ" ಎಂದು ಹಾಲು ಕರೆಯುವವರಿಂದ ಹಿಡಿದು ಕತ್ತಿ ಹಿಡಿಯುವವರ ತನಕ ಎಲ್ಲರೂ ಹೇಳುತ್ತಿದ್ದರು. ಶುದ್ಧ ಸುಳ್ಳು. ಒಮ್ಮೆ ಕಥಾಲ ಹಾಲುಮನೆಯ ಹೆಂಗಸು ಕಡೆದ ಬೆಣ್ಣೆಯನ್ನು ಎರಡು ಸಲ ಹೊಗಳಿದ. ಅಂದಿನಿಂದ ಒಂದು ತಿಂಗಳು ಲಸಾರ ರೊಟ್ಟಿಯನ್ನು ಒಣದಾಗಿಯೇ ತಿಂದಳು. ಯಾರಾದರೂ ಕೇಳಿದರೆ "ಬೆಣ್ಣೆ ಸೇರೋದಿಲ್ಲ" ಎನ್ನುತ್ತಿದ್ದಳು. ಹೊಟ್ಟೆಕಿಚ್ಚು ಅವಳಿಗೆ ಬೇಕಾದಷ್ಟಿತ್ತು. ಆದರೆ ಜನ ಹೊಗಳಿಬಿಟ್ಟಿದ್ದರು, ಇನ್ನೇನು ಮಾಡುತ್ತಾಳೆ ಪಾಪ. ನಗುತ್ತಲೇ ಇರಬೇಕಾಯಿತು.

ಒಂದು ದಿನ ಕಥಾಲನ ಬಿಳಿ ಹಸು ತಪ್ಪಿಸಿಕೊಂಡಿತು. ಅದನ್ನು ಹುಡುಕುತ್ತ ಅವನು ಗಡಿಯಾಚೆಯ ಕೊಕ್ಕರೆ ಕೊಳದ ಕಡೆ ಹೋದ. ಸಂಜೆ ಹಿಂತಿರುಗಿದಾಗ ಹಸು ಇರಲಿಲ್ಲ, ಜೊತೆಯಲ್ಲಿ ಒಬ್ಬ ಹೆಂಗಸು ಇದ್ದಳು. ಎತ್ತರದವಳು, ಉದ್ದ ಕತ್ತಿನವಳು, ಬೂದು ಬಣ್ಣದ ಶಾಲು ಹೊದ್ದವಳು. ನೀರಿನಲ್ಲಿ ನಡೆದ ಹಾಗೆ ಒಂದೊಂದೇ ಪಾದ ಎತ್ತಿಟ್ಟು ನಡೆಯುತ್ತಿದ್ದಳು.

"ಇವಳು ಸಾರ್ನಾ. ನನ್ನ ಎರಡನೇ ಹೆಂಡತಿ" ಎಂದ ಕಥಾಲ. ನಿದ್ದೆಯಲ್ಲಿ ಮಾತಾಡಿದಂತಿತ್ತು ಅವನ ದನಿ.

ಸಾರ್ನಾ ಬಗ್ಗಿ ಲಸಾರಳ ಪಾದ ಮುಟ್ಟಿದಳು. "ಅಕ್ಕಾ, ನನಗೇನೂ ಬೇಡ. ಒಂದು ಮೂಲೇಲಿ ಇಷ್ಟು ಜಾಗ ಕೊಟ್ರೆ ಸಾಕು."

ಲಸಾರಳ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಆದರೆ ಅಂಗಳದ ತುಂಬ ಜನ ನಿಂತಿದ್ದರು. "ಬಾ ತಂಗಿ, ಇದು ನಿಂದೇ ಮನೆ" ಎಂದಳು.

"ಎಂಥಾ ದೊಡ್ಡ ಮನಸ್ಸು ನೋಡಿ!" ಎಂದರು ಜನ.

ದೊಡ್ಡ ಮನಸ್ಸಿನ ರಾಣಿ ನೆಟ್ಟಗೆ ಉಗ್ರಾಣಕ್ಕೆ ಹೋಗಿ ಬಾರ್ಲಿ ಮೂಟೆಗೆ ಮುಖ ಒತ್ತಿ, ಸದ್ದು ಹೊರಗೆ ಬಾರದಂತೆ ಕಿರುಚಿದಳು. ಆಮೇಲೆ ಮುಖಕ್ಕೆ ಅಂಟಿದ ಹೊಟ್ಟನ್ನು ಒರೆಸಿಕೊಂಡು ಬಂದು ಸಾರ್ನಾಳಿಗೆ ಹಾಸಿಗೆ ಹಾಸಿಕೊಟ್ಟಳು.

ಮರುದಿನ ಬೆಳಿಗ್ಗೆ ಬೆಕಾನ ಎಂಬ ಅರಮನೆಯ ಅಡುಗೆಯವನು ಬೆನ್ನು ಹಿಡಿದುಕೊಂಡು ಓಡಿ ಬಂದ. "ತಾಯೀ, ಆ ಹೊಸಬಳು ಮೀನಿನ ಬಾನಿಗೆ ಕತ್ತು ಇಳಿಬಿಟ್ಟು ಜೀವಂತ ಮೀನು ಇಡಿಯಾಗಿ ನುಂಗಿದ್ಲು! ಹೆದರಿ ಸೌಟಿಂದ ಹೊಡೆದೆ. ಸೌಟು ಅವಳಿಗೆ ತಾಕ್ಲೇ ಇಲ್ಲ, ನನ್ನ ಬೆನ್ನಿಗೇ ಮೂರು ಏಟು ಬಿತ್ತು."

ಲಸಾರ ಅವನನ್ನು ಕರೆದುಕೊಂಡು ರೊನಾತಜ್ಜಿಯ ಮನೆಗೆ ಹೋದಳು. ಅಜ್ಜಿ ಎಲ್ಲವನ್ನೂ ಕೇಳಿ ತಲೆಯಾಡಿಸಿದಳು.

"ಅವಳು ಕೊಕ್ಕರೆ ಕೊಳದ ಮಾಟಗಾತಿ. ಮದುವೆ ಆಗಿ ಮನೆ ಸೇರ್ತಾಳೆ. ಮೂರನೇ ದಿನ ಸೂರ್ಯ ಮುಳುಗಿದ್ರೆ ಮನೆ ಪೂರ್ತಿ ಅವಳದು. ಮನೆಯವರೆಲ್ಲ ಕೊಕ್ಕರೆಗಳಾಗಿ ಅವಳ ಕೊಳದಲ್ಲಿ ಒಂಟಿಕಾಲಲ್ಲಿ ನಿಲ್ತಾರೆ. ಏಳು ಜನ ರಾಜರು ಆಗಲೇ ನಿಂತಿದ್ದಾರೆ. ನ್ಯಾಯ ಮೀರಿ ಯಾರು ಅವಳ ಮೇಲೆ ಕೈ ಎತ್ತಿದ್ರೂ ಆ ಏಟು ಅವರಿಗೇ ಮೂರು ಪಟ್ಟಾಗಿ ತಿರುಗತ್ತೆ. ಅದು ಅವಳ ಮಂತ್ರ."

"ಹಾಗಾದ್ರೆ ಅವಳನ್ನ ಹೊಡೆಯೋರೇ ಇಲ್ವಾ ಅಜ್ಜಿ?"

"ಒಬ್ಬಳಿದ್ದಾಳೆ. ನೀನು" ಎಂದಳು ಅಜ್ಜಿ. ಕಣ್ಣು ಮುಚ್ಚಿ ಪದ್ಯ ಹೇಳತೊಡಗಿದಳು:

"ಮೊದಲ ಮಡದಿಯ ಮನೆಗೆ ಎರಡನೆಯವಳು ಬಂದರೆ
ಮೂರು ದಿನ ಮೊದಲವಳ ಕೈಗೆ ತಡೆಯಿಲ್ಲ, ದಂಡವಿಲ್ಲ.
ಜೀವವೊಂದನು ಉಳಿಸಿ ಏನು ಮಾಡಿದರೂ ಹಕ್ಕು.
ಬಂದವಳಿಗೂ ಉಂಟು ಪರಚಲುಗುರು, ಬಯ್ಯಲು ಬಾಯಿ."

ಪದ್ಯಕ್ಕೆ ಇನ್ನೂ ಒಂದು ಸಾಲಿತ್ತು. ಆ ನಾಡಿನಲ್ಲಿ ಮೂರು ವರ್ಷದ ಮಗುವೂ ಕಾನೂನಿನ ಪದ್ಯ ಮುಗಿಯುವ ತನಕ ಎದ್ದು ಹೋಗುವುದಿಲ್ಲ. ಲಸಾರ ಎದ್ದು ಹೋಗಿದ್ದಳು.

ಆ ಮಧ್ಯಾಹ್ನ ಅವಳು ತಣ್ಣೀರಿನಲ್ಲಿ ಮುಖ ತೊಳೆದಳು. ಎದೆ ಬಡಿತ ಇಳಿಯುವ ತನಕ ಕಾದಳು. ತಲೆ ಬಾಚಿ, ಶಾಲಿಗೆ ಚಿನ್ನದ ಸೂಜಿ ಚುಚ್ಚಿ, ಬೆಣ್ಣೆ ಕಡೆಯುವ ಕಡೆಗೋಲನ್ನು ಕೈಗೆ ತೆಗೆದುಕೊಂಡು ಸಭೆಮನೆಗೆ ಬಂದಳು. ಸಾರ್ನಾ ದೊರೆಯ ಮಗ್ಗುಲಲ್ಲಿ ಕುಳಿತು ಉಣ್ಣೆ ಬಿಡಿಸುತ್ತಿದ್ದಳು. ಇಬ್ಬರೂ ಏನಕ್ಕೋ ನಗುತ್ತಿದ್ದರು. ಎಷ್ಟು ಸಲ ನಕ್ಕರೆಂದು ಲಸಾರ ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದಳು. ಐದು ಸಲ. ಹೊಟ್ಟೆ ಚುರುಗುಟ್ಟಿತು. ಅದನ್ನು ಒಳಕ್ಕೆ ತಳ್ಳಿ ಮುಖದ ಮೇಲೆ ನಗು ತಂದುಕೊಂಡಳು.

"ತಂಗೀ, ಕಾನೂನಿನ ಪ್ರಕಾರ ಒಂದೇಟು ಹಾಕ್ತೀನಿ. ಬೇಜಾರು ಮಾಡ್ಕೋಬೇಡ" ಎಂದು ಹೇಳಿ ಹೊಡೆದಳು.

ಹೊಸ ಸೊಸೆಗೆ ಕೋಡುಬಳೆ ಬಡಿಸಿದ ಹಾಗಿತ್ತು ಆ ಏಟು, ಅಷ್ಟು ಮರ್ಯಾದೆ. ಕಡೆಗೋಲು ಸಾರ್ನಾಳ ಹೆಗಲಿಗೆ ತಾಕಲಿಲ್ಲ. ಧಡ್, ಧಡ್, ಧಡ್ ಎಂದು ಲಸಾರಳ ಬೆನ್ನಿಗೇ ಮೂರು ಬಿತ್ತು.

"ಅಯ್ಯೋ ಅಕ್ಕಾ, ಪೆಟ್ಟಾಯ್ತಾ? ಬನ್ನಿ, ಬೆಣ್ಣೆ ಹಚ್ತೀನಿ" ಎಂದಳು ಸಾರ್ನಾ. ಹಚ್ಚಿಯೂ ಹಚ್ಚಿದಳು. ಹಾಲುಮನೆಯ ಅದೇ ಬೆಣ್ಣೆ. ಲಸಾರ ಹಲ್ಲು ಕಚ್ಚಿಕೊಂಡು ಹಚ್ಚಿಸಿಕೊಂಡಳು.

ಬೆನ್ನು ಬಗ್ಗಿಸಿಕೊಂಡು ಅಜ್ಜಿಯ ಬಳಿ ಹೋದಾಗ ಅಜ್ಜಿ ರೇಗಿದಳು. "ಕೊನೇ ಸಾಲು ಕೇಳ್ದೆ ಹೋದ್ರೆ ಇನ್ನೇನಾಗತ್ತೆ? 'ಏಟು ಹೊಟ್ಟೆಕಿಚ್ಚಿನದಾಗಿರಬೇಕು, ಬೇರೆಯದಾದರೆ ಹಕ್ಕಿಲ್ಲ.' ಅದೇ ಐದನೇ ಸಾಲು. ಈ ಹಕ್ಕು ಕೊಟ್ಟಿರೋದು ಉರಿಯೋ ಹೊಟ್ಟೆಗೆ. ತಣ್ಣಗೆ ಯೋಚನೆ ಮಾಡಿ ಹೊಡೆಯೋ ಕೈಗಲ್ಲ."

ಎರಡನೆಯ ದಿನ ಬೆಳಗಾಯಿತು. ಕಥಾಲ ಹಾಸಿಗೆಯಿಂದ ಎದ್ದು ನಿಂತ, ಎರಡನೆಯ ಕಾಲನ್ನು ನೆಲಕ್ಕೆ ಇಡಲೇ ಇಲ್ಲ. ಅವನ ಹಿಂಗತ್ತಿನಲ್ಲಿ ಬೂದು ಬಣ್ಣದ ಪುಕ್ಕ ಮೂಡಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಕಾಯುವವರೂ ಒಂಟಿಕಾಲಲ್ಲಿ ನಿಂತಿದ್ದರು. ಹಾಲುಮನೆಯ ಹೆಂಗಸು ಒಂಟಿಕಾಲಲ್ಲೇ ಹಾಲು ಕರೆದು ಮುಗ್ಗರಿಸಿ ಬಿದ್ದಳು. ಅದನ್ನು ನೋಡಿ ಲಸಾರಳಿಗೆ ಒಂದು ಚೂರು ಸಂತೋಷವಾಯಿತು. ಆಗಬಾರದಿತ್ತು, ಆಯಿತು.

ಆದರೂ ಅವಳು ರಾಣಿ. ತನ್ನ ಜನರ ಪಾಡು ನೋಡಿ ಅವಳಿಗೆ ನಿಜವಾಗಿಯೇ ಕೋಪ ಬಂತು. ಹೊಟ್ಟೆಕಿಚ್ಚು ತನ್ನಂಥವಳಿಗೆ ತಕ್ಕದ್ದಲ್ಲ, ಈ ಕೋಪವೇ ಸಾಕು ಎಂದುಕೊಂಡಳು. ಸಾರ್ನಾ ಕಥಾಲನ ಪುಕ್ಕ ನೇವರಿಸುತ್ತ ಕುಳಿತಿದ್ದಳು. ಲಸಾರ ಆ ಕೈ ಕಡೆ ನೋಡಲೇಬಾರದೆಂದು ಗೋಡೆ ನೋಡಿಕೊಂಡೇ ಹತ್ತಿರ ಹೋದಳು.

"ಇದು ನನ್ನ ಜನರಿಗಾಗಿ! ನನ್ನ ನಾಡಿಗಾಗಿ!" ಎಂದು ಕೂಗಿ ಕೆನ್ನೆಗೆ ಬೀಸಿದಳು.

ಛಟ್, ಛಟ್, ಛಟ್. ಮೂರೂ ಅವಳ ಕೆನ್ನೆಗೇ. ಒಂದು ಹಲ್ಲು ಉದುರಿ ನೆಲದ ಮೇಲೆ ಉರುಳಿತು. ಸಾರ್ನಾ ಅದನ್ನು ಎತ್ತಿ, ಶಾಲಿನ ಅಂಚಿನಲ್ಲಿ ಒರೆಸಿ, "ತಗೊಳ್ಳಿ ಅಕ್ಕಾ" ಎಂದು ಕೈಗಿತ್ತಳು.

"ಅದು ಕೋಪ" ಎಂದಳು ರೊನಾತಜ್ಜಿ. "ಒಳ್ಳೇ ಕೋಪಾನೇ. ಆದ್ರೆ ಕೋಪಕ್ಕೆ ಬೇರೆ ಪದ್ಯ ಇದೆ, ಅದರಲ್ಲಿ ದಂಡಾನೂ ಇದೆ."

"ನಾನೇನು ಮಾಡ್ಲಿ ಅಜ್ಜಿ? ನನಗೆ ಹೊಟ್ಟೆಕಿಚ್ಚೇ ಇಲ್ವಲ್ಲ."

"ಸುಳ್ಳು ಹೇಳಿದ್ರೆ ನನ್ನ ಕೆನ್ನೇಲಿ ಬೊಬ್ಬೆ ಏಳತ್ತೆ, ನಿನ್ನ ಕೆನ್ನೆಗೇನೂ ಆಗಲ್ಲ. ಅದಕ್ಕೇ ನಿನಗೆ ಅಭ್ಯಾಸ ಆಗಿಬಿಟ್ಟಿದೆ. ಹೋಗು ಮಗಳೇ. ನಾಳೆ ಸಂಜೆ ತನಕ ಟೈಮಿದೆ."

ಮೂರನೆಯ ದಿನ ಲಸಾರ ಪಾಪ ಎಷ್ಟು ಪ್ರಯತ್ನಪಟ್ಟಳೆಂದರೆ, ಕೇಳಿದರೆ ನಗು ಬರುತ್ತದೆ. ಬೆಳಗಿನಿಂದ ಸಾರ್ನಾಳ ಎದುರಿಗೆ ಕುಳಿತು ಅವಳ ಕೂದಲು ನೋಡಿದಳು, ಬೆರಳು ನೋಡಿದಳು, ನಡು ನೋಡಿದಳು. ಸಾರ್ನಾ ರಾಣಿಯ ಪೀಠದ ಮೇಲೆ ಕುಳಿತಳು, ರಾಣಿಯ ಚಿನ್ನದ ಸೂಜಿ ಕೇಳಿ ಪಡೆದು ಚುಚ್ಚಿಕೊಂಡಳು. ಪ್ರತಿ ಸಲವೂ ಲಸಾರಳ ಹೊಟ್ಟೆಯೊಳಗೆ ಕಿಚ್ಚು ಮೇಲಕ್ಕೆದ್ದಿತು. ಪ್ರತಿ ಸಲವೂ ಮದುವೆಯಾದ ಹನ್ನೊಂದು ವರ್ಷದ ಅಭ್ಯಾಸ ಅದರ ತಲೆಯ ಮೇಲೆ ಮೊಟಕಿ ಕೂರಿಸಿತು. "ಚೆನ್ನಾಗಿ ಒಪ್ಪತ್ತೆ ನಿನಗೆ" ಎಂದು ಅವಳ ಬಾಯಿ ತಾನಾಗಿಯೇ ಹೇಳಿತು.

ಸೂರ್ಯ ಗುಡ್ಡದ ನೆತ್ತಿಗೆ ಇಳಿದ. ಬೆಕಾನನೂ ಒಂಟಿಕಾಲಲ್ಲಿ ನಿಂತುಬಿಟ್ಟಿದ್ದರಿಂದ ಲಸಾರಳೇ ಗಂಜಿ ಕಾಯಿಸಿದಳು. ಒಂದು ಬಟ್ಟಲು ಬಾರ್ಲಿ ಗಂಜಿಯನ್ನು ದೊರೆಯ ಮುಂದಿಟ್ಟಳು. ಆಗ ಕಥಾಲನಿಗೆ ಮಾತು ಹೋಗಿತ್ತು. ಕತ್ತು ಮೊಳದುದ್ದ ಬೆಳೆದಿತ್ತು, ಬಾಯಿ ಕೊಕ್ಕಾಗಿತ್ತು, ಮೈಯೆಲ್ಲ ಪುಕ್ಕ. ಅವನು ಆ ಉದ್ದ ಕತ್ತನ್ನು ಬಗ್ಗಿಸಿ ಬಿಸಿ ಗಂಜಿಯ ಮೇಲೆ ಉಫ್, ಉಫ್, ಉಫ್ ಎಂದು ಮೂರು ಸಲ ಊದಿದ.

ಇದೊಂದು ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ದಿನ ಲಸಾರ ಗಾಬರಿಯಲ್ಲಿ ಬಿಸಿ ಗಂಜಿ ಕುಡಿದು ನಾಲಿಗೆ ಸುಟ್ಟುಕೊಂಡಿದ್ದಳು. ಅಂದಿನಿಂದ ಹನ್ನೊಂದು ವರ್ಷ, ಪ್ರತಿ ಸಂಜೆ, ಅವಳ ಬಟ್ಟಲಿಗೆ ಕಥಾಲ ಮೂರು ಸಲ ಊದಿ ಕೊಡುತ್ತಿದ್ದ. ಅವಳು ಬೇಡಿರಲಿಲ್ಲ, ಅವನು ಆಡಿ ತೋರಿಸಿರಲಿಲ್ಲ. ಮಾಟಕ್ಕೆ ಮಾತು ಹೋಗಿತ್ತು, ರೂಪ ಹೋಗಿತ್ತು. ಆ ಊದುವುದು ಮಾತ್ರ ಅವನದಾಗಿಯೇ ಉಳಿದಿತ್ತು.

ಊದಿ, ಕಥಾಲ ಬಟ್ಟಲನ್ನು ಕೊಕ್ಕಿನಿಂದ ಮೆಲ್ಲಗೆ ತಳ್ಳಿದ. ಸಾರ್ನಾಳ ಕಡೆಗೆ.

ಸಾರ್ನಾ ಚಮಚ ಎತ್ತಿದಳು.

"ಇಡೇ ಕೆಳಗೆ!"

ಸಭೆಮನೆಯ ತೊಲೆಗಳು ಅದುರಿದವು. ಅಷ್ಟು ದೊಡ್ಡ ದನಿ ತನ್ನದೆಂದು ಲಸಾರಳಿಗೇ ಗೊತ್ತಾಗಲಿಲ್ಲ. ಮುಖ ತೊಳೆಯಲಿಲ್ಲ, ತಲೆ ಬಾಚಲಿಲ್ಲ, ನಾಡು ನೆನಪಾಗಲಿಲ್ಲ, ಕಾನೂನೂ ನೆನಪಾಗಲಿಲ್ಲ. ಮೇಜನ್ನು ಹಾರಿ ಹೋಗಿ ಎರಡೂ ಕೈಯಲ್ಲಿ ಸವತಿಯ ಜುಟ್ಟು ಹಿಡಿದಳು.

"ಪೀಠ ತಗೋ, ಸೂಜಿ ತಗೋ! ಆ ಗಂಜಿ ನಂದು! ಅವನು ಊದಿದ ಗಂಜಿ ನಂದು ಕಣೇ! ಹನ್ನೊಂದು ವರ್ಷದಿಂದ ನಂದು!"

ಈ ಸಲ ಏಟು ತಿರುಗಲಿಲ್ಲ. ಸಾರ್ನಾ ನೋವಿನಿಂದ ಕಿರುಚಿದಳು. ಅಕ್ಕ ಗಿಕ್ಕ ಎಲ್ಲ ಮರೆತುಹೋಯಿತು. "ಬಿಡೇ ಮುದುಕಿ! ಹಲ್ಲು ಹೋದವಳೇ!" ಎಂದು ಬಯ್ದಳು, ಉಗುರು ಹಾಕಿ ಪರಚಿದಳು. ಪದ್ಯ ಅವಳಿಗೆ ಕೊಟ್ಟಿದ್ದು ಅಷ್ಟೇ ತಾನೆ. ಇಬ್ಬರೂ ನೆಲದ ಮೇಲೆ ಉರುಳಾಡಿದರು, ಗಂಜಿ ಇಬ್ಬರ ಮೇಲೂ ಚೆಲ್ಲಿತು. ಲಸಾರ ಒಂದು ಹಿಡಿ ಕೂದಲು ಕಿತ್ತಳು, ಅವಳ ಕೈಗೆ ಬೂದು ಪುಕ್ಕ ಬಂತು. ಬಾಗಿಲು ಕಾಯುವವರ ಎರಡನೆಯ ಕಾಲು ನೆಲಕ್ಕಿಳಿಯಿತು. ಇನ್ನೊಂದು ಹಿಡಿ ಕಿತ್ತಳು, ಬೆಕಾನ ಎರಡೂ ಕಾಲಲ್ಲಿ ನಿಂತ. ಮೂರನೆಯ ಹಿಡಿ ಕಿತ್ತಳು, ಕಥಾಲನ ಮೈ ಮೇಲಿನ ಪುಕ್ಕವೆಲ್ಲ ಉದುರಿ ಅವನು ಮನುಷ್ಯನಾಗಿ ಪೀಠದಿಂದ ಕೆಳಗೆ ಬಿದ್ದ. ಸಾರ್ನಾ ಅರ್ಧ ಬೋಳು ತಲೆಯ ಕೊಕ್ಕರೆಯಾಗಿ ಹೊಗೆಗಿಂಡಿಯಿಂದ ಹಾರಿಹೋದಳು. ಆಗ ಸೂರ್ಯ ಮುಳುಗಿದ.

ಅತ್ತ ಕೊಳದಿಂದ ಏಳು ಜನ ರಾಜರು ಒದ್ದೆ ಬಟ್ಟೆಯಲ್ಲಿ, ಜೋಮು ಹಿಡಿದ ಕಾಲು ಎಳೆದುಕೊಂಡು ದಡ ಹತ್ತಿದರು.

ಕತೆ ಮುಗಿಯಿತು ಅಂದುಕೊಂಡಿರಾ? ಅದು ಕಾನೂನಿನ ನಾಡು. ಅಲ್ಲಿ ಸೋತವರೂ ದೂರು ಕೊಡಬಹುದಿತ್ತು. ಮರುದಿನ ಬೆಳಿಗ್ಗೆ ನ್ಯಾಯದ ಗುಡ್ಡದ ಮೇಲೆ ಸಾರ್ನಾ ಹೆಂಗಸಿನ ರೂಪದಲ್ಲಿ, ತಲೆಗೆ ಬಟ್ಟೆ ಸುತ್ತಿಕೊಂಡು ಹಾಜರಾದಳು.

"ಬ್ರೆಹನ್ ತಾಯೀ, ರಾಣಿ ನನ್ನನ್ನ ಹೊಟ್ಟೆಕಿಚ್ಚಿಂದ ಹೊಡೀಲಿಲ್ಲ. ನೀವು ಪದ್ಯ ಹೇಳಿಕೊಟ್ರಿ, ಅವರು ಲೆಕ್ಕ ಹಾಕಿ ಹೊಡೆದ್ರು. ಮೊದಲ ಎರಡು ಏಟೂ ತಿರುಗಿದ್ದೇ ಸಾಕ್ಷಿ. ಮೂರನೇದೂ ನಾಟಕ. ನಂಬಿಕೆ ಇಲ್ಲದಿದ್ರೆ ಊರಿನವರನ್ನೇ ಕೇಳಿ, ರಾಣಿಗೆ ಹೊಟ್ಟೆಕಿಚ್ಚು ಇದೆಯಾ ಅಂತ. ಇಲ್ಲ ಅಂತ ಅವರು ಹೇಳಿದ್ರೆ ನನ್ನ ಗಂಡನನ್ನ ನನಗೆ ವಾಪಸ್ ಕೊಡಿ."

ಅಜ್ಜಿ ಊರಿನವರನ್ನು ಕೇಳಿದಳು. ಊರಿನವರು ರಾಣಿಯ ಮಾನ ಉಳಿಸುವ ಹುಮ್ಮಸ್ಸಿನಲ್ಲಿ ಒಂದೇ ದನಿಯಲ್ಲಿ ಕೂಗಿದರು. "ನಮ್ಮ ರಾಣಿಗೆ ಹೊಟ್ಟೆಕಿಚ್ಚೇ? ಛೆ ಛೆ! ಒಂದು ಚೂರೂ ಇಲ್ಲ!"

ಸಾರ್ನಾ ನಕ್ಕಳು. ಕಥಾಲನ ಹಿಂಗತ್ತಿನಲ್ಲಿ ಮತ್ತೆ ಒಂದು ಪುಕ್ಕ ಮೂಡಿತು.

ಲಸಾರ ಅದನ್ನು ನೋಡಿದಳು. ಸುತ್ತ ಊರೆಲ್ಲ ಹೆಮ್ಮೆಯಿಂದ ಅವಳನ್ನೇ ನೋಡುತ್ತಿತ್ತು. ಅವಳಿಗೆ ನೆಲ ಬಿರಿಯಬಾರದೇ ಎನ್ನಿಸಿತು. ಆದರೂ ಎದ್ದು ನಿಂತಳು.

"ಇದೆ" ಎಂದಳು. "ಹೊಟ್ಟೆಕಿಚ್ಚು ನನಗಿದೆ. ಬೇಕಾದಷ್ಟಿದೆ. ಹಾಲುಮನೆಯವಳ ಬೆಣ್ಣೆ ಹೊಗಳಿದ್ರು ಅಂತ ಒಂದು ತಿಂಗಳು ಒಣರೊಟ್ಟಿ ತಿಂದೆ. ಅವಳು ಮೊನ್ನೆ ಮುಗ್ಗರಿಸಿದಾಗ ಖುಷಿಪಟ್ಟೆ. ಇವಳು ಬಂದ ಸಂಜೆ ಬಾರ್ಲಿ ಮೂಟೆಗೆ ಮುಖ ಇಟ್ಟು ಕಿರುಚಿದೆ. ಇವರಿಬ್ಬರೂ ಎಷ್ಟು ಸಲ ನಕ್ರು ಅಂತ ಲೆಕ್ಕ ಇಟ್ಟಿದ್ದೀನಿ, ಐದು ಸಲ. ಇವರು ಕುದುರೆಗೆ ಮುತ್ತು ಕೊಟ್ರೆ ಆ ಕುದುರೆ ಮೇಲೂ ನನಗೆ ಹೊಟ್ಟೆಕಿಚ್ಚು! ನೀವೆಲ್ಲ ಹೊಗಳ್ತಿದ್ರಿ. ಅದಕ್ಕೆ ನುಂಗಿಕೊಂಡೆ. ಸಾಕಾಯ್ತು ನನಗೆ."

ಹಾಲುಮನೆಯ ಹೆಂಗಸು "ಅಯ್ಯೋ, ಹೇಳಬಾರದಿತ್ತೇ ತಾಯಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ರೊನಾತಜ್ಜಿ ಕೋಲೂರಿ ಎದ್ದಳು. "ಮೂರನೇ ಏಟು ಹೊಟ್ಟೆಕಿಚ್ಚಿನದು. ಅಪ್ಪಟ ಹೊಟ್ಟೆಕಿಚ್ಚಿನದು. ರಾಣಿಗೆ ದಂಡವಿಲ್ಲ, ಸಾರ್ನಾಳಿಗೆ ಈ ಮನೆಯಲ್ಲಿ ಹಕ್ಕಿಲ್ಲ."

ಜನ ಅಜ್ಜಿಯ ಕೆನ್ನೆಯನ್ನೇ ನೋಡಿದರು. ಹತ್ತು ಎಣಿಸುವಷ್ಟು ಹೊತ್ತು ನೋಡಿದರು, ಇಪ್ಪತ್ತು ಎಣಿಸುವಷ್ಟು ಹೊತ್ತು ನೋಡಿದರು. ಕೆನ್ನೆ ಇದ್ದ ಹಾಗೇ ಇತ್ತು. ಸಾರ್ನಾಳ ಮಂತ್ರ ಅಲ್ಲೇ ಮುರಿಯಿತು. ಅವಳು ಬರೀ ಕೊಕ್ಕರೆಯಾಗಿ ಹಾರಿಹೋದಳು, ಮತ್ತೆಂದೂ ಮಾತಾಡಲಿಲ್ಲ.

ಗುಡ್ಡ ಇಳಿಯುವಾಗ ಕಥಾಲ ರಾಣಿಯ ಹಿಂದೆ ಹಿಂದೆ ಬಂದ. ಲಸಾರ ತಿರುಗಿ ನೋಡಲಿಲ್ಲ. ಅವಳಿಗಿನ್ನೂ ಉರಿ ಆರಿರಲಿಲ್ಲ.

"ಅವಳ ಕೈಗೆ ಹೇಗೆ ಸಿಕ್ಕಿಬಿದ್ರಿ?" ಎಂದು ಕೊನೆಗೆ ಅವಳೇ ಕೇಳಿದಳು.

"ಕೊಳದ ಹತ್ರ ಬಾಯಾರಿಕೆ ಆಗಿತ್ತು. ಅವಳು ಬೊಗಸೇಲಿ ನೀರು ಹಿಡಿದು ಒಂದೇ ಒಂದು ಪ್ರಶ್ನೆ ಕೇಳಿದ್ಲು. 'ನನ್ನ ಕೈಯಿಂದ ನೀನು ನೀರು ಕುಡಿದ್ರೆ ಹೊಟ್ಟೆ ಉರ್ಕೊಳ್ಳೋರು ಯಾರಾದ್ರೂ ಇದ್ದಾರಾ?' ಅಂತ. ಇದ್ದಾರೆ ಅಂದಿದ್ರೆ ಅವಳ ಮಾಟ ನಡೀತಿರಲಿಲ್ಲವೋ ಏನೋ."

"ನೀವೇನಂದ್ರಿ?"

"ಯಾರೂ ಇಲ್ಲ ಅಂದೆ. ಸುಳ್ಳು ಹೇಳಲಿಲ್ಲ ಕಣೇ. ಹನ್ನೊಂದು ವರ್ಷ ಹಾಗಂತಲೇ ನಂಬಿದ್ದೆ. ಅದನ್ನ ಬಾಯಿಬಿಟ್ಟು ಹೇಳುವಾಗ ಅಳು ಬಂದಿತ್ತು."

ಲಸಾರ ನಿಂತುಬಿಟ್ಟಳು. ಅವಳ ಕಣ್ಣು ತುಂಬಿ ಬಂತು. ಹಲ್ಲು ಹೋದ ಬಾಯಲ್ಲಿ ಅವನನ್ನು ಮನಸಾರೆ ಬಯ್ದಳು. ಗುಡ್ಡದ ಬುಡ ಮುಟ್ಟುವ ತನಕ ಬಯ್ದಳು. ಕಥಾಲ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡ.

ಅಲ್ಲಿಂದಾಚೆಗೆ ಆ ಅರಮನೆಯಲ್ಲಿ ದಿನಕ್ಕೊಂದು ಜಗಳ, ದಿನಕ್ಕೊಂದು ರಾಜಿ. ಏಳು ಜನ ರಾಜರೂ ತಮ್ಮ ತಮ್ಮ ಮನೆ ಸೇರಿ ಕಾಲು ಒತ್ತಿಸಿಕೊಂಡು ಸುಖವಾಗಿದ್ದರು. ಲಸಾರ ಮತ್ತು ಕಥಾಲ ಅವರೆಲ್ಲರಿಗಿಂತ ಸುಖವಾಗಿ, ಅಕ್ಕಪಕ್ಕದ ಏಳು ರಾಜ್ಯಗಳಿಗೂ ಕೇಳಿಸುವಂತೆ ಬಾಳಿದರು.